‘ಪೀಟರ್ ಪ್ಯಾನ್’ ಓದಿಸಿ, ಓದುಗರ ಅಭಿಪ್ರಾಯ ಬರೆದಿಡುವ ಬಗೆ

ಒಂದು ಕಾದಂಬರಿಯನ್ನು ಮಕ್ಕಳ ಮುಂದೆ ಓದಿ ಮುಗಿಸಿ ‘ಹೇಗಿತ್ತು?’ ಎಂದು ಕೇಳಿದರೆ, ನಮ್ಮ ಕೊಪ್ಪಳದ ಕಡೆಯ ಯಾವ ಊರಿನಲ್ಲಾದರೂ ಬರುವ ಉತ್ತರ ಒಂದೇ: ‘ಚಲೋ ಐತ್ರಿ.’ ಇದು ಅಭಿಪ್ರಾಯವಲ್ಲ, ಕೇಳಿದವರಿಗೆ ತೋರಿದ ಮರ್ಯಾದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೋ ಶಾಲೆಯ ವಾಚನಾಲಯದಲ್ಲೋ, ಎಂದೂ ಬೆಳೆಯದ ಹುಡುಗನೊಬ್ಬನ ಕಥೆಯಾದ ‘ಪೀಟರ್ ಪ್ಯಾನ್’ ಕುರಿತು ಓದುಗರ ನಿಜವಾದ ಮಾತುಗಳನ್ನು ಸಂಗ್ರಹಿಸಬೇಕೆನ್ನುವವರು ಪ್ರಶ್ನೆಯನ್ನೇ ಬದಲಿಸಬೇಕು. ಪುಸ್ತಕ ಇಷ್ಟವಾಯಿತೇ ಎಂದು ಕೇಳದೆ, ಯಾವ ಜಾಗದಲ್ಲಿ ಪೀಟರ್‌ನ ಮೇಲೆ ಸಿಟ್ಟು ಬಂತು, ಯಾವ ಜಾಗದಲ್ಲಿ ಅಯ್ಯೋ ಅನ್ನಿಸಿತು ಎಂದು ಕೇಳಬೇಕು.

ಮೊದಲು ಪುಸ್ತಕದ ಆಯ್ಕೆ. ಸ್ಕಾಟ್ಲೆಂಡಿನ ಜೆ. ಎಂ. ಬ್ಯಾರಿ ಈ ಕಥೆಯನ್ನು ನಾಟಕವಾಗಿ ಬರೆದದ್ದು ಮೊದಲು. ಅದು 1904ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ರಂಗಕ್ಕೆ ಬಂತು. ಕಾದಂಬರಿ ‘ಪೀಟರ್ ಅಂಡ್ ವೆಂಡಿ’ ಎಂಬ ಹೆಸರಿನಲ್ಲಿ ಪ್ರಕಟವಾದದ್ದು 1911ರಲ್ಲಿ. ನೀವು ಹಿಡಿಯಬೇಕಾದದ್ದು ಇದನ್ನೇ, ಬಣ್ಣದ ಚಿತ್ರಗಳ ಸಂಕ್ಷಿಪ್ತ ಪ್ರತಿಗಳನ್ನಲ್ಲ. ಲೇಖಕರು 1937ರಲ್ಲಿ ತೀರಿಕೊಂಡದ್ದರಿಂದ, ಮರಣಾನಂತರ 60 ವರ್ಷ ಎಂಬ ನಮ್ಮ ದೇಶದ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಮೂಲವನ್ನು ಮುದ್ರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. 1953ರ ಡಿಸ್ನಿ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಮಕ್ಕಳು ಇದ್ದೇ ಇರುತ್ತಾರೆ. ಪೀಟರ್ ಜೊತೆ ಹಾರಿಹೋಗುವ ಹುಡುಗಿ ವೆಂಡಿ ದೊಡ್ಡವಳಾಗಿ ತಾಯಿಯಾಗುವ ಕೊನೆಯ ಅಧ್ಯಾಯ ಆ ಚಿತ್ರದಲ್ಲಿಲ್ಲವಾದ್ದರಿಂದ, ಅವರ ಅಭಿಪ್ರಾಯವನ್ನು ಪ್ರತ್ಯೇಕ ಪುಟದಲ್ಲಿ ಬರೆದುಕೊಳ್ಳಿ.

ಒಟ್ಟು 17 ಅಧ್ಯಾಯಗಳಿವೆ. ಭಾನುವಾರಕ್ಕೆ ಎರಡರಂತೆ, ಇಂಗ್ಲಿಷ್ ಪ್ರತಿಯನ್ನು ಕೈಯಲ್ಲಿ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋದರೆ ಒಂಬತ್ತು ಬೈಠಕ್ಕುಗಳು ಸಾಕಾಗುತ್ತವೆ. ಯುಗಾದಿ ಕಳೆದ ಮೇಲಾದರೆ ಮಧ್ಯಾಹ್ನ ಯಾರನ್ನೂ ಕೂರಿಸಬೇಡಿ. ನಮ್ಮ ಬಿಸಿಲಿನಲ್ಲಿ ಪೀಟರ್ ಇರುವ ಮಾಯಾದ್ವೀಪ ನೆವರ್‌ಲ್ಯಾಂಡೂ ಒಣಗಿಹೋಗುತ್ತದೆ. ಸಂಜೆ ಸೇರಿ, ಮಕ್ಕಳೊಂದಿಗೆ ತಾಯಂದಿರನ್ನೂ ಅಜ್ಜಿಯರನ್ನೂ ಕರೆಯಿರಿ. ಮಕ್ಕಳು ಮತ್ತು ಹೆತ್ತವರು ಈ ಕಾದಂಬರಿಯಲ್ಲಿ ಎರಡು ಬೇರೆ ಕಥೆಗಳನ್ನು ಕೇಳಿಸಿಕೊಳ್ಳುತ್ತಾರೆ. ಎರಡನ್ನೂ ಒಂದೇ ಕೋಣೆಯಲ್ಲಿ ಹಿಡಿಯುವುದೇ ನಮ್ಮ ಕೆಲಸ.

ಆ ಎರಡು ಕಥೆಗಳು ಎದುರುಬದುರಾಗುವ ಸ್ಥಳವೆಂದರೆ ಕಿಟಕಿ. ಡಾರ್ಲಿಂಗ್ ಮನೆಯ ಮಕ್ಕಳು, ಅಂದರೆ ವೆಂಡಿ ಮತ್ತು ಅವಳ ತಮ್ಮಂದಿರು, ಹಾರಿಹೋದದ್ದೂ ಕಿಟಕಿಯಿಂದ, ತಾಯಿ ಅವರಿಗಾಗಿ ತೆರೆದಿಟ್ಟು ಕಾಯುವುದೂ ಅದನ್ನೇ. ಪೀಟರ್ ಮಾತ್ರ, ತಾನು ಒಮ್ಮೆ ಮನೆಗೆ ಮರಳಿದಾಗ ಕಿಟಕಿಗೆ ಸರಳು ಬಿದ್ದಿತ್ತು, ತನ್ನ ಹಾಸಿಗೆಯಲ್ಲಿ ಬೇರೊಬ್ಬ ಹುಡುಗ ಮಲಗಿದ್ದ ಎಂದು ಹೇಳುತ್ತಾನೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಾಲಾಗಿ ಮಲಗುವ ನಮ್ಮ ಮಕ್ಕಳಿಗೆ, ಮಕ್ಕಳಿಗೆಂದೇ ಬೇರೆ ಕೋಣೆ, ಅದಕ್ಕೊಂದು ಕಿಟಕಿ ಎಂಬುದನ್ನು ಮೊದಲೇ ವಿವರಿಸಿರಬೇಕು. ಇಲ್ಲವಾದರೆ ಈ ಮಾತಿನ ಪೆಟ್ಟು ತಾಗುವುದಿಲ್ಲ. ಓದಿದ ಕೂಡಲೇ ನಿಲ್ಲಿಸಿ, ತಪ್ಪು ಯಾರದ್ದು ಎಂದು ಕೇಳಿ. ನಾನು ನಡೆಸಿದ ಬೈಠಕ್ಕಿನಲ್ಲಿ ಐದನೆಯ ಇಯತ್ತೆಯ ಹುಡುಗನೊಬ್ಬ ‘ಅವನ ಅವ್ವಂದ ತಪ್ಪರಿ’ ಎಂದ. ಹಿಂದೆ ಕುಳಿತಿದ್ದ ತಾಯಿಯೊಬ್ಬರು, ‘ಎಷ್ಟ್ ದಿನಾ ಅಂತ ತಗದಿಡಬೇಕೋ ಯಪ್ಪಾ, ಚಳಿ ಮಳಿ ಇರ್ತೈತಿ’ ಎಂದರು. ಇಂಥ ಮಾತುಗಳನ್ನು ಗ್ರಂಥದ ಭಾಷೆಗೆ ತಿದ್ದದೆ, ಬಂದ ಹಾಗೆಯೇ ಬರೆದುಕೊಳ್ಳಿ. ‘ತಾಯಿಯ ನಿರ್ಲಕ್ಷ್ಯವನ್ನು ಬಾಲಕನು ಖಂಡಿಸಿದನು’ ಎಂದು ಬರೆದರೆ ಹುಡುಗನೂ ಉಳಿಯುವುದಿಲ್ಲ, ತಾಯಿಯೂ ಉಳಿಯುವುದಿಲ್ಲ.

ಅನುವಾದಿಸಿ ಹೇಳುವಾಗ ಎರಡು ಪದಗಳ ಬಗ್ಗೆ ಎಚ್ಚರ ಬೇಕು, ಏಕೆಂದರೆ ಕೇಳುಗರ ಅಭಿಪ್ರಾಯ ಬಹುಮಟ್ಟಿಗೆ ಅವುಗಳ ಮೇಲೆ ನಿಂತಿದೆ. ಮೊದಲನೆಯದು, ನೆವರ್‌ಲ್ಯಾಂಡಿನ ಹುಡುಗರು ಬೆಳೆಯತೊಡಗಿದರೆ ಪೀಟರ್ ಅವರನ್ನು ಏನು ಮಾಡುತ್ತಾನೆ ಎಂಬಲ್ಲಿ ಬರುತ್ತದೆ. ಅಲ್ಲಿರುವ ಇಂಗ್ಲಿಷ್ ಕ್ರಿಯಾಪದ ಹೊಲದ್ದು: ಒತ್ತಾಗಿ ಹುಟ್ಟಿದ ಸಜ್ಜೆಯ ಸಾಲಿನಲ್ಲಿ ನಾವು ಹೆಚ್ಚಾದ ಸಸಿಗಳನ್ನು ಕಿತ್ತು ತೆಳುವು ಮಾಡುತ್ತೇವಲ್ಲ, ಅದು. ಬ್ಯಾರಿ ಅದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ‘ಕೊಲ್ಲುತ್ತಾನೆ’ ಎಂದು ನೀವು ತೀರ್ಪು ಕೊಡಬೇಡಿ, ‘ಕಳಿಸಿಬಿಡುತ್ತಾನೆ’ ಎಂದು ಮುಚ್ಚಲೂಬೇಡಿ; ಸಸಿ ಕಿತ್ತ ಹಾಗೆ ಎಂದು ಹೇಳಿ ಸುಮ್ಮನಾದರೆ, ಒಕ್ಕಲುತನದ ಮನೆಯ ಮಕ್ಕಳಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಎರಡನೆಯದು ಕಾದಂಬರಿಯ ಕೊನೆಯ ಪದ. ಮಕ್ಕಳು ಸಂತೋಷಿಗಳು, ಮುಗ್ಧರು ಎಂದ ಮೇಲೆ ಲೇಖಕರು ಮೂರನೆಯ ಗುಣವೊಂದನ್ನು ಸೇರಿಸುತ್ತಾರೆ. ಅದನ್ನು ‘ಹೃದಯಹೀನರು’ ಎಂದರೆ ಖಳನಾಯಕನ ವರ್ಣನೆಯಾಗುತ್ತದೆ, ‘ಕರುಳಿಲ್ಲದವರು’ ಎಂದರೆ ಅಜ್ಜಿಯರು ಎದ್ದು ಜಗಳಕ್ಕೆ ನಿಲ್ಲುತ್ತಾರೆ. ನಾನು ‘ಮರುಕವಿಲ್ಲದವರು’ ಎಂದು ಹೇಳುತ್ತೇನೆ; ಬೇರೆಯವರ ನೋವು ಇನ್ನೂ ಅರಿವಿಗೆ ಬಾರದ ವಯಸ್ಸು ಎಂಬ ಅರ್ಥ ಅದರಲ್ಲಿ ಸುಳಿಯುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಪೀಟರ್ ತನ್ನ ವೈರಿಯಾದ ಕಡಲುಗಳ್ಳ ಕ್ಯಾಪ್ಟನ್ ಹುಕ್‌ನನ್ನೂ ಜೊತೆಗಿದ್ದ ಕಿನ್ನರಿ ಟಿಂಕರ್ ಬೆಲ್‌ಳನ್ನೂ ಮರೆತೇಬಿಟ್ಟಿರುವುದನ್ನು ಆಗ ನೆನಪಿಸಿದರೆ ಚರ್ಚೆ ಗಟ್ಟಿಯಾಗುತ್ತದೆ.

ಹುಡುಗಿಯರು ಮಾತಾಡಲು ತಡಮಾಡುತ್ತಾರೆ; ಅವರಿಗೆ ಕೊನೆಯ ಹತ್ತು ನಿಮಿಷವನ್ನು ಬೇರೆಯಾಗಿ ಕೊಡಿ. ವೆಂಡಿ ನೆವರ್‌ಲ್ಯಾಂಡಿಗೆ ಹೋಗಿ ಹುಡುಗರ ಕಾಲುಚೀಲಗಳನ್ನು ಹೊಲಿಯುತ್ತ ಕೂರುವ ಭಾಗವನ್ನು ಕೇಳಿ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು, ‘ಅಲ್ಲಿಗಿ ಹೋದ್ರೂ ಹೊಲಿಯೂದರಿ, ಹಾರಿ ಹೋಗಿ ಏನ್ ಬಂತ್ರಿ?’ ಎಂದಳು. ದೊಡ್ಡ ವಿಮರ್ಶಕರು ಪುಟಗಟ್ಟಲೆ ಬರೆಯುವುದನ್ನು ಅವಳು ಒಂದು ಸಾಲಿನಲ್ಲಿ ಮುಗಿಸಿದಳು ಎಂದೇ ನನ್ನ ಎಣಿಕೆ. ಬೆಳೆಯುವುದು ಬೇಡ ಎಂಬ ಹಟ ಹುಡುಗನಿಗೆ ಆಟ. ಕಲಿಯುವ ವಯಸ್ಸಿನಲ್ಲೇ ಅಕ್ಕನ ಮದುವೆಯನ್ನು ಕಂಡ ಹುಡುಗಿಗೆ ಅದರ ಅರ್ಥವೇ ಬೇರೆ.

ಅಮೆರಿಕದ ಮೂಲನಿವಾಸಿಗಳನ್ನು ಹೀನಾಯವಾಗಿ ಚಿತ್ರಿಸಿರುವ ಭಾಗಗಳನ್ನು ಹಾರಿಸಬೇಡಿ. ಅದು ಸಾಮ್ರಾಜ್ಯ ಆಳುತ್ತಿದ್ದವರ ಕಾಲದ ಕಣ್ಣು ಎಂದು ಎರಡು ಮಾತಿನಲ್ಲಿ ಹೇಳಿ, ಕೇಳುಗರಿಗೆ ಏನನ್ನಿಸಿತೆಂದು ಬರೆದುಕೊಂಡು ಮುಂದೆ ಸಾಗಿ.

ಲೇಖಕರ ಬದುಕನ್ನು ಮಾತ್ರ ಕೊನೆಯ ದಿನದವರೆಗೆ ಹೇಳಬಾರದು. ಬ್ಯಾರಿ ಆರು ವರ್ಷದವರಿದ್ದಾಗ, 1867ರಲ್ಲಿ, ಅವರ ಅಣ್ಣ ಡೇವಿಡ್ ಮಂಜುಗಡ್ಡೆಯ ಮೇಲೆ ಜಾರುವ ಆಟದಲ್ಲಿ ಪೆಟ್ಟಾಗಿ, ಹದಿನಾಲ್ಕು ತುಂಬುವ ಮೊದಲೇ ತೀರಿಕೊಂಡ. ತಾಯಿಯ ಮನಸ್ಸಿನಲ್ಲಿ ಅವನು ಮುಂದೆ ಎಂದೂ ಬೆಳೆಯಲಿಲ್ಲ. ಇದನ್ನು ಮೊದಲೇ ಹೇಳಿದರೆ ಎಲ್ಲರೂ ಪೀಟರ್‌ನನ್ನು ಕನಿಕರದಿಂದಲೇ ಕೇಳುತ್ತಾರೆ. ಎಲ್ಲ ಅಭಿಪ್ರಾಯಗಳು ಬರಹಕ್ಕಿಳಿದ ಮೇಲೆ ಇದನ್ನು ಹೇಳಿ, ಯಾರಾದರೂ ತಮ್ಮ ಮಾತನ್ನು ಬದಲಿಸಬಯಸಿದರೆ ಹಳೆಯದನ್ನು ಹೊಡೆದುಹಾಕದೆ ಅದರ ಕೆಳಗೇ ಹೊಸದನ್ನು ಬರೆಯಿರಿ.

ಪ್ರತಿ ಮಾತಿನ ಪಕ್ಕದಲ್ಲಿ ಹೆಸರು ಬೇಡ. ವಯಸ್ಸು, ಇಯತ್ತೆ, ತಾರೀಖು ಇರಲಿ. ಹೆಸರಿಲ್ಲವೆಂದು ಗೊತ್ತಾದ ಮೇಲೆ ದೊಡ್ಡವರೂ ಬಾಯಿ ಬಿಡುತ್ತಾರೆ. ನೋಟುಬುಕ್ಕನ್ನು ಕಾದಂಬರಿಯ ಪ್ರತಿಯೊಂದಿಗೆ ಕಟ್ಟಿ ಅದೇ ಕಪಾಟಿನಲ್ಲಿಡಿ, ಕೊನೆಯಲ್ಲಿ ಹತ್ತು ಪುಟಗಳನ್ನು ಖಾಲಿ ಬಿಡಿ. ಐದನೆಯ ಇಯತ್ತೆಯ ಆ ಹುಡುಗ ಹತ್ತನೆಯದಕ್ಕೆ ಬಂದಾಗ ಕಿಟಕಿಯ ಪ್ರಶ್ನೆಯನ್ನು ಅವನಿಗೆ ಮತ್ತೊಮ್ಮೆ ಕೇಳಬೇಕು.