ಸಾವಿರ ಪದದೊಳಗೆ ಒಂದು ಮಾರ್ಮನ್ ಕಥೆ

ಮಾರ್ಮನ್ ಅಂದರೆ ಯಾರು ಅಂತ ಕೇಳುವವರೇ ಜಾಸ್ತಿ, ಅದನ್ನು ಮೊದಲು ಹೇಳಿಬಿಡುತ್ತೇನೆ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ ಚರ್ಚು ಅದು. ಈಗ ಅದರ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ಹೆಂಡ, ತಂಬಾಕು ಮುಟ್ಟುವಂತಿಲ್ಲ, ಕಾಫಿ, ಟೀ ಕೂಡ ಇಲ್ಲ. ಬೆಂಗಳೂರಿನಲ್ಲೂ ನಮ್ಮ ಸಭೆಗಳು ನಡೆಯುತ್ತವೆ. ನಾನು ಕಾಲೇಜಿನಲ್ಲಿದ್ದಾಗ ಸೇರಿದೆ, ಯಾಕೆ ಏನು ಅನ್ನೋದು ಬೇರೆ ಕಥೆ.

ಓದುವ ಚಟ ಮೊದಲಿಂದಲೂ ಇತ್ತು. ನಮ್ಮವರು ಬರೆದ ಕಥೆ ಇದೆಯಾ ಅಂತ ಹುಡುಕಿದರೆ ಮೊದಲು ಸಿಗುವುದು ಸ್ಟೆಫನಿ ಮೇಯರ್, ಬ್ರ್ಯಾಂಡನ್ ಸ್ಯಾಂಡರ್ಸನ್ ಥರದ ದೊಡ್ಡ ಹೆಸರುಗಳು. ಇಬ್ಬರೂ ಚರ್ಚಿನದೇ ಆದ ಬ್ರಿಗಮ್ ಯಂಗ್ ಯೂನಿವರ್ಸಿಟಿಯಲ್ಲಿ ಓದಿದವರು. ಆದರೆ ಅವರ ಪುಸ್ತಕಗಳಲ್ಲಿ ರಕ್ತಪಿಶಾಚಿ ಇದೆ, ಮಾಂತ್ರಿಕರಿದ್ದಾರೆ, ಭಾನುವಾರದ ಸಭೆ ಇಲ್ಲ. ನನಗೆ ಬೇಕಿದ್ದದ್ದು ಆ ಸಭೆ. ಉಪವಾಸದ ಭಾನುವಾರ ಹೊಟ್ಟೆ ಚುರುಗುಟ್ಟುತ್ತಾ ಕೂತಿರುವ ಮನುಷ್ಯ, ವಾರವೆಲ್ಲ ಆಫೀಸಿನಲ್ಲಿ ಲೆಕ್ಕ ಬರೆದು ಭಾನುವಾರ ಬಿಷಪ್ ಆಗುವ ಪಕ್ಕದ ಮನೆಯವರು, ಇಂಥವರು ಇರುವ ಕಥೆಗಳು.

ಅವು ಸಿಕ್ಕಿದ್ದು ಸಣ್ಣ ಪತ್ರಿಕೆಗಳಲ್ಲಿ. 1966ರಲ್ಲಿ ಶುರುವಾದ 'ಡೈಲಾಗ್' ಇದೆ, ಅದರ ಹಳೆಯ ಸಂಚಿಕೆಗಳು ಪುಕ್ಕಟೆ ಓದಲು ಸಿಗುತ್ತವೆ, ನಾನು ಅಲ್ಲಿಂದಲೇ ಶುರು ಮಾಡಿದ್ದು. 'ಸನ್‌ಸ್ಟೋನ್' ಇದೆ. 1974ರಲ್ಲಿ ಬಾಸ್ಟನ್ ಕಡೆಯ ಹೆಂಗಸರು ಸೇರಿ ಶುರು ಮಾಡಿದ 'ಎಕ್ಸ್‌ಪೊನೆಂಟ್ ಟು' ಇದೆ. 1976ರಿಂದ ಅಸೋಸಿಯೇಷನ್ ಫಾರ್ ಮಾರ್ಮನ್ ಲೆಟರ್ಸ್ ಅಂತ ಒಂದು ಸಂಘ ಇದೆ. ಪ್ರಶಸ್ತಿ ಕೊಡುವುದು, ವಿಮರ್ಶೆ ಬರೆಸುವುದು ಅದರ ಕೆಲಸ. ಪುಸ್ತಕಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಲೀವೈ ಪೀಟರ್ಸನ್ 1986ರಲ್ಲಿ ಬರೆದ 'ದ ಬ್ಯಾಕ್‌ಸ್ಲೈಡರ್'. ದನ ಕಾಯುವ ಹುಡುಗನೊಬ್ಬ ಪಾಪದ ಭಯದಲ್ಲಿ ಒದ್ದಾಡುವ ಕಾದಂಬರಿ. ನಗಿಸುತ್ತದೆ, ಆಮೇಲೆ ಯಾಕಾದರೂ ನಕ್ಕೆನೋ ಅನ್ನಿಸುತ್ತದೆ. ಚರ್ಚಿನ ಒಡೆತನದ ಡೆಸೆರೆಟ್ ಬುಕ್ ಅಂಗಡಿಯ ಪುಸ್ತಕಗಳನ್ನೂ ಓದಿದೆ. ನನಗೆ ಅವು ಒಗ್ಗಲಿಲ್ಲ, ಎಲ್ಲರೂ ಕೊನೆಗೆ ಒಳ್ಳೆಯವರಾಗಿಬಿಡುತ್ತಾರೆ.

ಈ ಪತ್ರಿಕೆ, ಸಂಘಗಳೆಲ್ಲ ಹೇಗೆ ಉಳಿದಿವೆ ಅಂತ ನನಗೆ ಆಶ್ಚರ್ಯ. ಓದುಗರು ಕಮ್ಮಿ, ದುಡ್ಡು ಇನ್ನೂ ಕಮ್ಮಿ. ನನಗೆ ಹೊಳೆದದ್ದು ಇಷ್ಟು. ನಮ್ಮ ಊರಿನ ಸಭೆಗಳಲ್ಲಿ ಸಂಬಳದ ಪಾದ್ರಿ ಇಲ್ಲ. ಪಾಠ ಹೇಳುವುದು, ಪಿಯಾನೊ ನುಡಿಸುವುದು, ಲೆಕ್ಕ ಇಡುವುದು, ಎಲ್ಲ ಸದಸ್ಯರೇ ಹಂಚಿಕೊಂಡು ಮಾಡಬೇಕು. ಕೆಲಸ ಬಂದಾಗ ಹೂಂ ಅನ್ನುವ ಅಭ್ಯಾಸ ಹಾಗೇ ಬೆಳೆದುಬಿಡುತ್ತದೆ. ಅದೇ ಜನ ರಾತ್ರಿ ಮಕ್ಕಳನ್ನು ಮಲಗಿಸಿ ಬೇರೆಯವರ ಕಥೆ ತಿದ್ದುತ್ತಾರೆ. ಇನ್ನೊಂದು, ತಿಂಗಳ ಮೊದಲ ಭಾನುವಾರ ಯಾರು ಬೇಕಾದರೂ ಮೈಕ್ ಮುಂದೆ ಹೋಗಿ ತಮ್ಮ ಅನುಭವ ಹೇಳಬಹುದು, ಕಥೆ ಹೇಳುವ ರೂಢಿ ಅಲ್ಲೇ ಆಗಿಬಿಡುತ್ತದೆ. ಕೆಲವರು ನಿಲ್ಲಿಸುವುದೇ ಇಲ್ಲ, ಆ ಮಾತು ಬೇರೆ.

ನಾನು ಬರೆಯೋಕೆ ಕೂತದ್ದು 'ಮಾರ್ಮನ್ ಲಿಟ್ ಬ್ಲಿಟ್ಸ್' ಅನ್ನುವ ಸ್ಪರ್ಧೆಗೆ. 2012ರಲ್ಲಿ ಶುರುವಾದದ್ದು. ಸಾವಿರ ಪದ ಮೀರಬಾರದು, ಕೊನೆಯ ಸುತ್ತಿಗೆ ಬಂದ ಬರಹಗಳಿಗೆ ಓದುಗರು ಓಟು ಹಾಕುತ್ತಾರೆ. ಅದನ್ನು ಶುರು ಮಾಡಿದವರಲ್ಲಿ ಜೇಮ್ಸ್ ಗೋಲ್ಡ್‌ಬರ್ಗ್ ಒಬ್ಬರು. ಅವರ ತಾತ ಗುರುಚರಣ್ ಸಿಂಗ್ ಗಿಲ್ ಪಂಜಾಬಿನವರು, 1993ರಲ್ಲಿ ನಮ್ಮ ಬೆಂಗಳೂರು ಮಿಷನ್, ಅಂದರೆ ಚರ್ಚಿನ ಧರ್ಮಪ್ರಚಾರದ ವಲಯ, ಶುರುವಾದಾಗ ಅದರ ಮೊದಲ ಅಧ್ಯಕ್ಷರು. ಇದನ್ನು ಓದಿದಾಗ ಯೂಟಾ ಸ್ವಲ್ಪ ಹತ್ತಿರ ಬಂದ ಹಾಗಾಯಿತು.

ಕಥೆ ಇಷ್ಟೇ. ದೀಕ್ಷಾಸ್ನಾನ ಆದಮೇಲೆ ಹುಡುಗಿಯೊಬ್ಬಳು ಮೊದಲ ಸಲ ಸಕಲೇಶಪುರದ ಸೋದರತ್ತೆ ಮನೆಗೆ ಹೋಗುತ್ತಾಳೆ. ತೋಟದ ಮನೆ. ಅಂಗಳದ ಕಣದಲ್ಲಿ ರೊಬಸ್ಟಾ ಒಣಗಲು ಹರಡಿದೆ, ಒಳಗೆ ಡಿಕಾಕ್ಷನ್ ಇಳಿಯುತ್ತಿದೆ. ಅವಳು ಕಾಫಿ ಬೇಡ ಅನ್ನಬೇಕು.

ಅಮೆರಿಕದ ಮಾರ್ಮನ್ ಬರಹಗಾರರಿಗೆ ಯಾವಾಗಲೂ ಒಂದು ಪೇಚಾಟ ಇರುತ್ತದೆ, ಹೊರಗಿನ ಓದುಗರಿಗೆ ನಮ್ಮ ಪದ್ಧತಿ ಎಷ್ಟು ವಿವರಿಸಬೇಕು ಅಂತ. ನನಗೆ ಅದು ಉಲ್ಟಾ ಆಯಿತು. ಈ ಸ್ಪರ್ಧೆಯ ಓದುಗರಿಗೆ ಕಾಫಿ ಯಾಕೆ ಕುಡಿಯಬಾರದು ಅಂತ ಹೇಳಬೇಕಾಗಿಲ್ಲ, ಅದು ಅವರಿಗೆ ಅಆಇಈ. ಅವರಿಗೆ ಗೊತ್ತಿಲ್ಲದ್ದು ಮಲೆನಾಡಿನ ಮನೆಯಲ್ಲಿ ಅತ್ತೆ ಕೈಯಲ್ಲಿ ಲೋಟ ಹಿಡಿದು ನಿಂತಾಗ ಬೇಡ ಅನ್ನುವುದು ಎಂಥ ಮಾತು ಅನ್ನೋದು. ಹಾಗಾಗಿ ಚರ್ಚಿನ ಬಗ್ಗೆ ಬರೆದದ್ದನ್ನೆಲ್ಲ ಕಿತ್ತು ಹಾಕಿದೆ, ಪ್ರಾರ್ಥನೆ ಕೂಡ. ಉಳಿದ ಜಾಗವನ್ನೆಲ್ಲ ಅತ್ತೆಗೆ ಕೊಟ್ಟೆ. ಆಕೆ ಸಿಟ್ಟಾಗುವುದಿಲ್ಲ, ಲೋಟಕ್ಕೆ ತಟ್ಟೆ ಮುಚ್ಚಿ ಒಳಗಿಡುತ್ತಾಳೆ. ಸ್ವಲ್ಪ ಹೊತ್ತಿಗೆ ಅದನ್ನೇ ಬಿಸಿ ಮಾಡಿ ತರುತ್ತಾಳೆ. ಮತ್ತೆ ಬೇಡ ಅಂದಾಗ, "ಹುಷಾರಿಲ್ವಾ ಪುಟ್ಟಿ?" ಅನ್ನುತ್ತಾಳೆ. ಕಥೆಯಲ್ಲಿ ನನಗೆ ಇಷ್ಟವಾದದ್ದು ಈ ಒಂದು ಸಾಲು. ಹುಡುಗಿ ಹೂಂ ಅಂತ ಸುಳ್ಳು ಹೇಳುತ್ತಾಳೆ. ಕಾಫಿ ಕುಡಿದರೆ ಒಂದು ತಪ್ಪು, ಸುಳ್ಳು ಹೇಳಿದರೆ ಇನ್ನೊಂದು. ಅಲ್ಲಿಗೆ ನಿಲ್ಲಿಸಿದೆ.

ಕಳಿಸುವ ಮುಂಚೆ ನಮ್ಮ ಸಭೆಯ ಒಬ್ಬರಿಗೆ, ದೂರದ ಇಬ್ಬರು ಓದುಗರಿಗೆ ತೋರಿಸಿದೆ. ನಮ್ಮವರು, "ಕೊನೆಗೆ ಅವಳು ನಿಜ ಹೇಳಲಿ, ಅತ್ತೆ ಒಪ್ಪಲಿ" ಅಂದರು. ದೂರದವರು ಕಣ ಅಂದರೇನು ಅಂತ ಕೇಳಿದರು, ಒಂದು ಸಾಲು ಸೇರಿಸಿದೆ. ಕೊನೆ ಮಾತ್ರ ಬದಲಿಸಲಿಲ್ಲ, ಬದಲಿಸಿದ್ದರೆ ಅದೂ ಅಂಗಡಿ ಪುಸ್ತಕದ ಥರವೇ ಆಗುತ್ತಿತ್ತು ಅಲ್ವಾ. ಆಯ್ಕೆಯಾಗಲಿಲ್ಲ. ಬರೆದದ್ದು ಮಾತ್ರ ನನ್ನ ಹತ್ತಿರ ಉಳಿಯಿತು.

1888ರಲ್ಲೇ ಆರ್ಸನ್ ವಿಟ್ನಿ ಅನ್ನುವ ಬಿಷಪ್ ನಮ್ಮಲ್ಲೂ ಮಿಲ್ಟನ್, ಶೇಕ್ಸ್‌ಪಿಯರ್ ಹುಟ್ಟುತ್ತಾರೆ ಅಂದಿದ್ದರು. ಅಲ್ಲಿನವರು ಇಂದಿಗೂ ಆ ಮಾತು ಎತ್ತಿ ಚರ್ಚೆ ಮಾಡುತ್ತಾರೆ. ನನಗಂತೂ ಶೇಕ್ಸ್‌ಪಿಯರ್ ಬೇಕಿಲ್ಲ, ಬೆಂಗಳೂರು, ಹೈದರಾಬಾದ್, ರಾಜಮಂಡ್ರಿ ಸಭೆಗಳಿಂದ ಒಂದು ಹಿಡಿ ಕಥೆ ಬಂದರೆ ಸಾಕು.

ಈಗ ಅದೇ ಕಥೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಅತ್ತೆಯನ್ನು ವಿವರಿಸುವುದೇ ಬೇಡ, ಹುಡುಗಿಯನ್ನು ವಿವರಿಸಬೇಕು. ಅರ್ಧ ಕಥೆ ಮತ್ತೆ ಹೊಸದು. ಮೊನ್ನೆ ಅದನ್ನು ನನ್ನ ನಿಜವಾದ ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿ, "ಅದೆಲ್ಲ ಸರಿ, ಜೀರಿಗೆ ಕಷಾಯ ಆದರೆ ಕುಡೀಬಹುದಾ?" ಅಂದರು. ಕುಡೀಬಹುದು ಅಂದೆ. "ಮತ್ತೆ ಆ ಹುಡುಗಿ ಅದನ್ನ ಹೇಳೋದಲ್ವಾ" ಅಂದರು.