ಹಾಕಿ ನಮ್ಮೆಗೆ ಮಣ್ಣಿನ ಮೈದಾನ ಸಜ್ಜು ಮಾಡುವುದು

ಪಾಂಡಂಡ ಕುಟ್ಟಪ್ಪ 1997ರಲ್ಲಿ ಕೊಡಗಿನ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ನಮ್ಮೆ, ಅಂದರೆ ಹಾಕಿ ಹಬ್ಬ, ಶುರು ಮಾಡಿದಾಗ ಆಡಿದ್ದು 60 ಒಕ್ಕಗಳು (ಕೊಡವ ಮನೆತನಗಳು). ಆಮೇಲೆ ವರ್ಷಕ್ಕೊಂದು ಒಕ್ಕದ ಆತಿಥ್ಯ. ಹಾಗಾಗಿ ಮೈದಾನದ ಕೆಲಸವೂ ಪ್ರತಿ ಸಲ ಹೊಸಬರ ಕೈಗೆ ಬರುತ್ತದೆ.

ಆಟದ ಅಂಕಣ 91.4 ಮೀ. ಉದ್ದ, 55 ಮೀ. ಅಗಲ. ಗೋಲುಗಳು ಉತ್ತರ-ದಕ್ಷಿಣಕ್ಕಿರಲಿ, ಇಲ್ಲದಿದ್ದರೆ ಸಂಜೆ ಬಿಸಿಲು ಒಬ್ಬ ಗೋಲಿಯ ಕಣ್ಣಿಗೇ ಹೊಡೆಯುತ್ತದೆ. ಗುಡ್ಡ ಕಡಿದು ಮಾಡಿದ ಮೈದಾನವಾದರೆ ಬರೆಯನ್ನು (ಕಡಿದ ಗುಡ್ಡದ ಮಣ್ಣಿನ ಗೋಡೆ) ನೆಟ್ಟಗೆ ನಿಲ್ಲಿಸಬೇಡಿ, ಮಳೆಗಾಲಕ್ಕೆ ಕುಸಿಯುತ್ತದೆ. ಮೆಟ್ಟಿಲು ಕಡಿದು, ಮೇಲ್ಗಡೆ ಚರಂಡಿ ತೆಗೆದರೆ ಅದೇ ಗ್ಯಾಲರಿ.

ನಡುವಿನಿಂದ ಎರಡೂ ಪಕ್ಕಕ್ಕೆ ನೂರಕ್ಕೆ ಒಂದರ ಇಳಿಜಾರು ಕೊಡಿ. ಪಕ್ಕದ ಗೆರೆಯ ಹತ್ತಿರ 27 ಸೆಂ.ಮೀ.ನಷ್ಟು ತಗ್ಗು ಬರುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಚೆಂಡು ಪಕ್ಕಕ್ಕೆ ಎಳೆಯುತ್ತದೆ. ಕಲ್ಲು ಹೆಕ್ಕಿ, ನೀರು ಹಾಕಿ, ಒಂದು ಹಿಡಿ ಮಣ್ಣು ಅದುಮಿ ನೋಡಿ: ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಆಗ ರೋಲರ್ ಎಳೆಯಿರಿ. ಹಸಿ ಜಾಸ್ತಿಯಿದ್ದರೆ ಮಣ್ಣು ರೋಲರಿಗೆ ಅಂಟಿ ಕಿತ್ತು ಬರುತ್ತದೆ, ಒಣಗಿದ್ದರೆ ಕೂರುವುದೇ ಇಲ್ಲ.

ಗೆರೆ ಎಳೆಯುವ ಮುಂಚೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಎರಡೂ ಕರ್ಣ 106.67 ಮೀ. ಬಂದರೆ ಮಾತ್ರ ಮೂಲೆ ಸರಿ. ಗೆರೆಯ ಅಗಲ 75 ಮಿ.ಮೀ. ಪುಡಿ ಸುಣ್ಣ ಬೇಡ, ಬಿದ್ದವರ ಚರ್ಮ, ಕಣ್ಣು ಸುಡುತ್ತದೆ. ಚಾಕ್ ಪುಡಿ ಬಳಸಿ.

ಎಡವಟ್ಟಾಗುವುದು ಡಿ, ಅಂದರೆ ಗೋಲಿನ ಮುಂದಿನ ಬಾಗಿದ ಗೆರೆಯ ಆವರಣ, ಬರೆಯುವಾಗ. ಗೋಲಿನ ನಟ್ಟನಡುವೆ ಗೂಟ ಹೊಡೆದು ಒಂದೇ ಅರ್ಧವೃತ್ತ ಎಳೆದುಬಿಡುತ್ತಾರೆ. ಅದು ತಪ್ಪು. ಗೋಲಿನ ಅಗಲ 3.66 ಮೀ.; ಗೂಟ ಎರಡು ಬೇಕು, ಒಂದೊಂದು ಕಂಬದ ಒಳ ಅಂಚಿಗೆ ಒಂದೊಂದು. ಎರಡರಿಂದಲೂ 14.63 ಮೀ. ದಾರದಲ್ಲಿ ಕಾಲು ವೃತ್ತ ಎಳೆದು, ಮುಂದೆ 3.66 ಮೀ. ನೇರ ಗೆರೆಯಿಂದ ಜೋಡಿಸಿ. ಈ ಅಳತೆ ಗೆರೆಯ ಹೊರ ಅಂಚಿಗೆ. ಒಂದೇ ಗೂಟದ ಡಿ ಗೋಲ್ ಗೆರೆಯ ಹತ್ತಿರ ಎರಡೂ ಬದಿ 1.83 ಮೀ. ಕಿರಿದಾಗುತ್ತದೆ. ಡಿ ಒಳಗೆ ಆಕ್ರಮಣದ ಆಟಗಾರನ ಸ್ಟಿಕ್ ತಾಗದ ಚೆಂಡು ಗೋಲಲ್ಲ; ಜಗಳಕ್ಕೆ ಅಷ್ಟು ಜಾಗ ಧಾರಾಳ.

ಏಪ್ರಿಲ್-ಮೇ ಮಳೆ ಬಂದು ಹೋದ ಮೇಲೆ ಗುಂಡಿಯ ನೀರಿಗೆ ಒಣ ಮಣ್ಣು ಸುರಿಯಬೇಡಿ. ಒಣಗಿದಾಗ ಉಬ್ಬಿ ನಿಂತು ಚೆಂಡು ಹಾರುತ್ತದೆ. ಸ್ಪಂಜು, ಗೋಣಿಯಿಂದ ನೀರು ಹೀರಿ ತೆಗೆದು, ಮಣ್ಣು ಹದಕ್ಕೆ ಬಂದ ಮೇಲೆ ರೋಲರ್ ಹಾಕಿ.