ರ‍್ಯಾಮ್ ಖಾಲಿ ಇದ್ದರೂ ಕಂಟೇನರ್ ಯಾಕೆ ಸಾಯುತ್ತೆ?

ಟೊಮೆಟೊ ಸೀಸನ್‌ನಲ್ಲಿ ಕೋಲಾರ ಎಪಿಎಂಸಿಯ ಹರಾಜು ಮುಗಿಯುತ್ತಿದ್ದಂತೆ ಮಂಡಿಗಳಲ್ಲಿ ರೈತರ ಲೆಕ್ಕ ಬರೆಯುವ ಗಡಿಬಿಡಿ. ಸರಿಯಾಗಿ ಆಗಲೇ ಬಿಲ್ಲಿಂಗ್ ಸಾಫ್ಟ್‌ವೇರ್ ನಿಂತುಬಿಡುತ್ತದೆ ಅಂದುಕೊಳ್ಳಿ. ಲಾಗ್‌ನಲ್ಲಿ ಒಂದು ಎರರ್ರೂ ಇಲ್ಲ. ಸರ್ವರ್‌ನಲ್ಲಿ 16 ಜಿಬಿ ರ‍್ಯಾಮ್, ಅರ್ಧವೂ ಖರ್ಚಾಗಿಲ್ಲ. ಸಾಫ್ಟ್‌ವೇರ್ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಮನ್ನು ಉಳಿದವುಗಳಿಂದ ಬೇರ್ಪಡಿಸಿ ಓಡಿಸುವ ಪೆಟ್ಟಿಗೆ) ಇದ್ದರೆ ಮೊದಲ ಅನುಮಾನ ಆ ಕಂಟೇನರಿಗೆ ಹಾಕಿದ ಮೆಮೊರಿ ಮಿತಿಯ ಮೇಲೆ. ಲಾರಿಯಲ್ಲಿ ಎಷ್ಟು ಜಾಗ ಇದ್ದರೇನು, ಬಾಕ್ಸಿಗೆ ಹಿಡಿಯುವುದು 15 ಕೆ.ಜಿ. ತಾನೆ?

ಮೊದಲು ‘ಡಾಕರ್ ಪಿಎಸ್ -ಎ’ ಕೊಟ್ಟು ಎಕ್ಸಿಟ್ ಕೋಡ್ (ಪ್ರೋಗ್ರಾಮ್ ನಿಂತಾಗ ಬಿಟ್ಟುಹೋಗುವ ಸಂಖ್ಯೆ) ನೋಡಿ. 137 ಇದ್ದರೆ ಬಲವಂತದ ಸಾವು: 128ಕ್ಕೆ ಸಿಗ್‌ಕಿಲ್‌ನ (ತಕ್ಷಣ ಕೊಲ್ಲುವ ಸಂಕೇತ) 9 ಸೇರಿದ ಲೆಕ್ಕ. ಇಷ್ಟಕ್ಕೇ ಮೆಮೊರಿ ಎನ್ನಬೇಡಿ. ‘ಡಾಕರ್ ಸ್ಟಾಪ್’ ಹೇಳಿದಾಗ ಹತ್ತು ಸೆಕೆಂಡಾದರೂ ಜಗ್ಗದ ಕಂಟೇನರಿಗೂ ಇದೇ ಗತಿ. ‘ಡಾಕರ್ ಇನ್‌ಸ್ಪೆಕ್ಟ್’ನಲ್ಲಿ ‘ಊಮ್‌ಕಿಲ್ಡ್: ಟ್ರೂ’ ಎಂದಿದ್ದರೆ ಮೆಮೊರಿ ಸಾಲದೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಕೊಂದಿದೆ.

ಕೆಲವು ಸಲ ಕಂಟೇನರ್ ಓಡುತ್ತಲೇ ಇರುತ್ತದೆ, ಒಳಗಿನ ಒಂದು ಪ್ರೋಸೆಸ್ ಮಾತ್ರ ಮಾಯ. ಆಗ ಎಕ್ಸಿಟ್ ಕೋಡೇ ಇರುವುದಿಲ್ಲ. ಹೊಸ ಲಿನಕ್ಸ್‌ಗಳಲ್ಲಿ ಸಿಗ್ರೂಪ್ (ಪ್ರೋಸೆಸ್‌ಗಳಿಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆ) ಫೋಲ್ಡರಿನ ‘ಮೆಮೊರಿ ಡಾಟ್ ಈವೆಂಟ್ಸ್’ ಫೈಲ್ ತೆರೆಯಿರಿ. ಅದರ ‘ಊಮ್ ಕಿಲ್’ ಸಂಖ್ಯೆ ಏರಿದೆಯಾ ನೋಡಿ. ಮಿತಿ ಎಷ್ಟೆಂದು ಪಕ್ಕದ ‘ಮೆಮೊರಿ ಡಾಟ್ ಮ್ಯಾಕ್ಸ್’ ಹೇಳುತ್ತದೆ. ಕಂಟೇನರ್ ಒಳಗೆ ‘ಫ್ರೀ’ ಕಮಾಂಡ್ ಕೊಟ್ಟರೆ ಪ್ರಯೋಜನವಿಲ್ಲ, ಅದು ಸಾಮಾನ್ಯವಾಗಿ ಇಡೀ ಸರ್ವರಿನ ಲೆಕ್ಕವನ್ನೇ ಒಪ್ಪಿಸುತ್ತದೆ.

ಇಲ್ಲಿಗೆ ಬಂದವರು ಸುಮ್ನೆ ಮಿತಿ ಏರಿಸಿ ಕೈತೊಳೆದುಕೊಳ್ಳುತ್ತಾರೆ. ತಡೀರಿ. ಹರಾಜಿನ ಹೊತ್ತಲ್ಲಿ ‘ಡಾಕರ್ ಸ್ಟ್ಯಾಟ್ಸ್’ ತೆರೆದಿಟ್ಟು ಕೂರಿ. ಕೆಲಸ ಜಾಸ್ತಿಯಾದಾಗ ಮೆಮೊರಿ ಬಳಕೆ ಏರಿ ಒಂದು ಮಟ್ಟದಲ್ಲಿ ನಿಂತರೆ ಮಿತಿ ನಿಜಕ್ಕೂ ಸಾಲದು. ಕೆಲಸವಿಲ್ಲದಾಗಲೂ ಏರುತ್ತಲೇ ಹೋದರೆ ಲೀಕ್ ಇರಬೇಕು, ಅಂದರೆ ಪಡೆದ ಮೆಮೊರಿಯನ್ನು ಪ್ರೋಗ್ರಾಮ್ ವಾಪಸ್ ಕೊಡುತ್ತಿಲ್ಲ. ಎಷ್ಟು ಕೊಟ್ಟರೂ ನುಂಗುತ್ತದೆ.

ಜಾವಾ ಇದ್ದರೆ ವರ್ಷನ್ ವಿಚಾರಿಸಿ. ಜಾವಾ 8ರಲ್ಲಿ ಅಪ್‌ಡೇಟ್ 191ಕ್ಕಿಂತ ಹಳೆಯದಕ್ಕೆ ಕಂಟೇನರಿನ ಮಿತಿ ತಾನಾಗಿ ಕಾಣುವುದಿಲ್ಲ. ಸರ್ವರಿನ 16 ಜಿಬಿ ನೋಡಿ, ಅದರ ಕಾಲುಭಾಗ, ಅಂದರೆ 4 ಜಿಬಿವರೆಗೆ ಹೀಪ್ (ಜಾವಾ ತನ್ನ ಡೇಟಾ ಇಡುವ ಮೆಮೊರಿ) ಬೆಳೆಸಬಹುದು ಅಂದುಕೊಳ್ಳುತ್ತದೆ. ನೀವು ಕೊಟ್ಟಿದ್ದು 1 ಜಿಬಿ ಆದರೆ? ಇಂಥ ಕಡೆ ಅಪ್‌ಡೇಟ್ ಮಾಡುವುದೇ ಮದ್ದು. ಹೊಸದರಲ್ಲಿ ‘ಮ್ಯಾಕ್ಸ್ ರ‍್ಯಾಮ್ ಪರ್ಸೆಂಟೇಜ್’ ಆಯ್ಕೆ ಇದೆ, ಮಿತಿಯ ಶೇಕಡಾ ಎಷ್ಟು ಹೀಪ್‌ಗೆ ಎಂದು ಅದರಲ್ಲಿ ಹೇಳಬಹುದು. 100 ಕೊಡಬೇಡಿ, ಹೀಪ್ ಅಲ್ಲದೆ ಥ್ರೆಡ್‌ಗಳಿಗೂ ಜಾಗ ಬೇಕಲ್ವಾ? ನಾನಾದರೆ 70ರ ಆಸುಪಾಸಿನಲ್ಲಿ ಶುರು ಮಾಡುತ್ತೇನೆ.

ಏರಿಸಲೇಬೇಕಾದರೆ ‘ಡಾಕರ್ ಅಪ್‌ಡೇಟ್’ ಸಾಕು, ಕಂಟೇನರ್ ನಿಲ್ಲಿಸಬೇಕಿಲ್ಲ. ಹೊಸ ಮಿತಿ ಹಳೇ ಸ್ವಾಪ್ ಮಿತಿಯನ್ನು (ರ‍್ಯಾಮ್ ಮತ್ತು ಡಿಸ್ಕಿನ ಸ್ವಾಪ್ ಜಾಗ ಸೇರಿದ ಒಟ್ಟು) ಮೀರಿದರೆ ತಕರಾರು ಮಾಡುತ್ತದೆ, ಎರಡನ್ನೂ ಒಟ್ಟಿಗೆ ಕೊಡಿ. ಕಂಟೇನರಿನ ಸೆಟ್ಟಿಂಗ್ ಬರೆದಿಡುವ ಕಂಪೋಸ್ ಫೈಲಿನಲ್ಲೂ ತಿದ್ದಿ. ಇಲ್ಲದಿದ್ದರೆ ಕಂಟೇನರ್ ಹೊಸದಾಗಿ ಕಟ್ಟಿದ ದಿನ ಹಳೇ ಮಿತಿಯೇ ವಾಪಸ್.